ಹದಿನಾಲ್ಕನೆಯ ಎಲೆ

ಹಡಗಿನ ಸಿನಿಮಾದಲ್ಲಿ ಯಾರೂ ವಾಂತಿ ಮಾಡುವುದಿಲ್ಲ. ನಾನು ಮೊದಲು ನೋಡಿದ್ದು ಅದನ್ನೇ. ಅಷ್ಟು ದೊಡ್ಡ ಸಮುದ್ರ, ಅಷ್ಟು ದಿನದ ಪ್ರಯಾಣ. ಗಂಡಸರು ಕೋಟು ಬಿಚ್ಚುವುದಿಲ್ಲ, ಹೆಂಗಸರ ತಲೆಯ ಒಂದು ಕೂದಲು ಹಾರುವುದಿಲ್ಲ, ಊಟಕ್ಕೆ ಕೂತರೆ ಪಕ್ಕದಲ್ಲಿ ಪಿಟೀಲು ಬಾರಿಸುವವರು. ಹಳೇ ಕಾಲದ ಕಪ್ಪುಬಿಳುಪು ಇಂಗ್ಲಿಷ್ ಸಿನಿಮಾ ಅದು. ನನಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡವೇ ಎರಡನೆಯ ಕ್ಲಾಸಿನವರೆಗೆ.

ಸಿನಿಮಾ ನೋಡಿದ್ದು ಬಹರೈನಿನ ಸನದ್‌ನಲ್ಲಿ, ನನ್ನ ಗೆಳತಿಯ ಮನೆಯಲ್ಲಿ. ಗೆಳತಿ ಎಂದರೆ ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ನಮ್ಮ ಉಡುಪಿ ಕಡೆಯವಳೇ. ಗಂಡ ಇಲ್ಲೇ ತೀರಿಕೊಂಡ, ಮಕ್ಕಳಿಲ್ಲ, ಊರಿಗೆ ಹೋಗಿ ಯಾರ ಮನೆಯ ಮೂಲೆಯಲ್ಲಿ ಕೂರಲಿ ಎಂದು ಟೈಲರಿಂಗ್ ಅಂಗಡಿ ಹಾಕಿಕೊಂಡು ಬಹರೈನಿನಲ್ಲೇ ಉಳಿದವಳು. ಸಿನಿಮಾ ತಂದವನು ಹುಬ್ಬಳ್ಳಿಯ ಇಂಜಿನಿಯರ್. ಹೆಂಡತಿ ಸತ್ತು ಹೋಗಿದ್ದಾಳೆ, ಮಗಳಿಗೆ ಮದುವೆಯಾಗಿದೆ. ಇವನು ಗೆಳತಿಯ ಅಂಗಡಿಗೆ ಪ್ಯಾಂಟು ಗಿಡ್ಡ ಮಾಡಿಸಲು ಬಂದವನು. ಒಂದೇ ಪ್ಯಾಂಟನ್ನು ಮೂರು ಸಲ ಗಿಡ್ಡ ಮಾಡಿಸಿದ. ನಾಲ್ಕನೆಯ ಸಲಕ್ಕೆ ಅದು ಚಡ್ಡಿಯೇ ಆಗುತ್ತಿತ್ತು, ಅಷ್ಟರೊಳಗೆ ಬಾಯಿ ಬಿಟ್ಟ. ತನ್ನ ಕೆಲಸ ಈ ತಿಂಗಳಿಗೆ ಖಲಾಸ್, ವೀಸಾ ಕ್ಯಾನ್ಸಲ್, ಹುಬ್ಬಳ್ಳಿಗೆ ಹೋಗುತ್ತೇನೆ, ಮದುವೆಯಾಗಿ ನನ್ನ ಜೊತೆ ಬರುತ್ತೀರಾ ಎಂದು ಕೇಳಿದ.

ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನನಗೆ ಫೋನು ಮಾಡಿದಳು.

"ಅಕ್ಕ, ನನಗೆ ಹಿರಿಯರು ಅಂತ ಇಲ್ಲಿ ಇರುವುದು ನೀವೊಬ್ರೇ. ನೀವು ಅವರನ್ನು ಒಮ್ಮೆ ಸರೀ ನೋಡಿ ಹೇಳಿ. ನೀವು ಹೋಗು ಅಂದ್ರೆ ಹೋಗ್ತೇನೆ, ಬೇಡ ಅಂದ್ರೆ ಬಿಟ್ಟೆ."

"ಅಕ್ಕಿಯಲ್ಲಿ ಕಲ್ಲು ನೋಡಿದ ಹಾಗೆ ನೋಡ್ಲಿಕ್ಕೆ ಆಗ್ತದಾ ಮಾರಾಯ್ತಿ ಗಂಡಸರನ್ನು?" ಎಂದೆ. ಹೇಳಿದ್ದು ಹಾಗೆ, ಮನಸ್ಸಿನಲ್ಲಿ ಆಗಲೇ ಬೇಡ ಎಂದು ಹೇಳಿಯಾಗಿತ್ತು.

ಯಾಕೆ ಎಂದು ಮುಚ್ಚಿಡುವುದಿಲ್ಲ. ನಾನು ಇರುವುದು ಮಾಹೂಝಿನಲ್ಲಿ, ಮಗನ ಫ್ಲಾಟಿನಲ್ಲಿ. ಮಗ ಸೊಸೆ ಇಬ್ಬರೂ ಆಫೀಸಿಗೆ ಹೋಗುವವರು, ಒಳ್ಳೆಯವರು. ಮೊಮ್ಮಗಳು ನನ್ನ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ, ನಾನು ತುಳುವಿನಲ್ಲಿ ಉತ್ತರ ಕೊಡುತ್ತೇನೆ, ಇಬ್ಬರಿಗೂ ಸುಖ. ಆದರೆ ಶುಕ್ರವಾರ ಬಂತೆಂದರೆ ಗೆಳತಿ ಕಾರು ತಂದು ಕೆಳಗೆ ನಿಲ್ಲಿಸುತ್ತಿದ್ದಳು. ದೇವಸ್ಥಾನ, ಮೀನಿನ ಮಾರ್ಕೆಟು, ಆಮೇಲೆ ಅವಳ ಮನೆಯಲ್ಲಿ ಊಟ, ಒಂದು ನಿದ್ರೆ, ಸಂಜೆ ಇಸ್ಪೀಟು. ವಾರದಲ್ಲಿ ಬಾಯ್ತುಂಬ ಮಾತಾಡುವ ದಿನ ಅದೊಂದೇ. ಅವಳು ಹುಬ್ಬಳ್ಳಿಗೆ ಹೋದರೆ ನನ್ನ ಶುಕ್ರವಾರ ಹೋಯಿತು. ಹಾಗಾಗಿ ಆ ಮನುಷ್ಯ ಕಳ್ಳನಾಗಿರಲಿ ಎಂದೇ ನನಗೆ ಆಸೆ.

ಅವನನ್ನು ನೋಡಲು ಹೋದರೆ ಅವನು ನನಗೆ ತೋರಿಸಿದ್ದೂ ಕಳ್ಳರ ಸಿನಿಮಾವನ್ನೇ! ಗೋಡೆಯಷ್ಟು ದೊಡ್ಡ ಟೀವಿಗೆ ಪೆನ್‌ಡ್ರೈವ್ ಚುಚ್ಚಿ, ನನಗೆ ಕುರ್ಚಿ ಸರಿಮಾಡಿ, ಬೆನ್ನಿಗೆ ದಿಂಬು ಕೊಟ್ಟು, ಪಕ್ಕದಲ್ಲಿ ಕೂತು ಕಥೆ ಬಿಡಿಸಿ ಹೇಳಿದ. ಹಡಗಿನಲ್ಲಿ ಒಬ್ಬಳು ಚಂದದ ಕಳ್ಳಿ. ಒಬ್ಬ ಪೆದ್ದ ಶ್ರೀಮಂತ, ಅವನ ಪೆಟ್ಟಿಗೆಯಲ್ಲಿ ಮುತ್ತಿನ ಹಾರ. ಇವಳು ಹಾರ ಕದಿಯುತ್ತಾಳೆ, ಆಮೇಲೆ ಅವನ ಮೇಲೆ ಮನಸ್ಸಾಗಿ ಕದ್ದದ್ದನ್ನು ವಾಪಸ್ ಇಡಲು ಹೋಗುತ್ತಾಳೆ. ಕದಿಯುವಾಗ ಸಿಕ್ಕಿಬೀಳದವಳು ಇಡುವಾಗ ಸಿಕ್ಕಿಬೀಳುತ್ತಾಳೆ. ನಡುನಡುವೆ ಎಲ್ಲರೂ ಇಸ್ಪೀಟು ಆಡುತ್ತಾರೆ, ಎಲ್ಲರೂ ಮೋಸ ಮಾಡುತ್ತಾರೆ.

"ನೋಡ್ರಿ ಅಮ್ಮಾರ, ಈಗ ಎಲಿ ಬದ್ಲಿ ಮಾಡಿದ್ಲು. ಯಾರಿಗರ ಗೊತ್ತಾತೇನು?" ಎಂದು ಅವನು ಕೈತಟ್ಟಿ ನಕ್ಕ.

"ನನಗೆ ಗೊತ್ತಾಯ್ತು," ಎಂದೆ. "ನಿಮಗೆ ಇಷ್ಟು ಖುಷಿ ಯಾಕೆ?"

"ಕೈಚಳಕ ನೋಡಿ ಖುಷಿ ರೀ."

ಕೊನೆಗೆ ಶ್ರೀಮಂತ ಅವಳನ್ನೇ ಮದುವೆಯಾದ. ನಾನು ಕೇಳಿದೆ, "ಕಳ್ಳಿಯನ್ನು ಮದುವೆಯಾದ್ರೆ ಮನೆಗೆ ಬೀಗ ಹಾಕುವುದು ಹೇಗೆ?"

"ಒಳಗಿಂದ ಹಾಕ್ಕೋಬೇಕ್ರಿ ಅಮ್ಮಾರ."

ಗೆಳತಿ ಅಡುಗೆಮನೆಯಲ್ಲಿ ನಕ್ಕದ್ದು ಕೇಳಿಸಿತು. ಅವಳು ಹಾಗೆ ನಕ್ಕದ್ದನ್ನು ನಾನು ಒಂಬತ್ತು ವರ್ಷದಲ್ಲಿ ಕೇಳಿರಲಿಲ್ಲ. ನನಗೆ ಸಿಟ್ಟು ಬಂತು.

ಆದರೆ ಸಿನಿಮಾದಿಂದ ಒಂದು ಉಪಕಾರ ಆಯಿತು. ಆ ಹಡಗಿನಲ್ಲಿ ಕಳ್ಳರ ಗುರುತು ಸಿಕ್ಕಿದ್ದೆಲ್ಲ ಇಸ್ಪೀಟಿನ ಮೇಜಿನಲ್ಲಿ. ಇಸ್ಪೀಟಿನಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಲವತ್ತು ವರ್ಷದಿಂದ ಆಡುತ್ತಿದ್ದೇನೆ, ನಲವತ್ತು ವರ್ಷದಿಂದ ಮೋಸ ಮಾಡುತ್ತಿದ್ದೇನೆ. ಹುರಿಗಡಲೆ ಪಣ ಇಟ್ಟು ಆಡುವ ಆಟ, ಪಾಪ ಎಂತದು?

ಮುಂದಿನ ಶುಕ್ರವಾರ ಗೆಳತಿಯ ಗಿರಾಕಿಗಳು ನಾಲ್ಕೈದು ಮನೆಯವರು ಸೇರಿ ಮುಹರ್ರಕ್‌ನಿಂದ ಬೋಟು ಮಾಡಿದ್ದರು. ಸಮುದ್ರದ ನಡುವೆ ನೀರಿಳಿದಾಗ ಒಂದು ಮರಳದಿಬ್ಬ ಮೇಲೇಳುತ್ತದೆ, ಅಲ್ಲಿ ಮಕ್ಕಳು ನೀರಾಟ ಆಡಿ ಸಂಜೆಯ ಮೊದಲು ವಾಪಸ್. ಇವನೂ ಬರಲಿ ಎಂದು ನಾನೇ ಹೇಳಿದೆ. ಗೆಳತಿಗೆ ಎಷ್ಟು ಸಂತೋಷವಾಯಿತೆಂದರೆ ಅವತ್ತೇ ಒಂದು ಹೊಸ ಚೂಡಿದಾರ ಹೊಲಿದುಕೊಂಡಳು.

ಬೋಟಿನವನು "ಯಲ್ಲಾ, ಯಲ್ಲಾ" ಎಂದು ಅವಸರ ಮಾಡಿ ಎಲ್ಲರನ್ನೂ ಹತ್ತಿಸಿದ. ನನಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ತೊಡಿಸಿದರು. ಸೀರೆಯ ಮೇಲೆ ಅದನ್ನು ಹಾಕಿದರೆ ಮನುಷ್ಯರು ಗ್ಯಾಸ್ ಸಿಲಿಂಡರಿನ ಹಾಗೆ ಕಾಣುತ್ತಾರೆ. ಉಳಿದವರೆಲ್ಲ ಮುಂದೆ ಬಿಸಿಲಿನಲ್ಲಿ ಫೋಟೊ ತೆಗೆಯುತ್ತಿದ್ದರು. ನಾವು ಮೂವರು ಹಿಂದೆ ನೆರಳಿನಲ್ಲಿ ಚಾಪೆ ಹಾಸಿ ರಮ್ಮಿಗೆ ಕೂತೆವು.

ಮೊದಲು ನಾಲ್ಕು ಆಟ ಸುಮ್ಮನೆ ಆಡಿದೆ. ಅವನು ಗೆದ್ದರೂ ಹಿಗ್ಗಲಿಲ್ಲ, ಸೋತರೂ ಕುಗ್ಗಲಿಲ್ಲ. ಐದನೆಯದು ನನ್ನ ಹಂಚುವ ಸರದಿ. ರಮ್ಮಿಯಲ್ಲಿ ಒಬ್ಬೊಬ್ಬರಿಗೆ ಹದಿಮೂರು ಎಲೆ, ಸರದಿ ಬಂದಾಗ ಕಟ್ಟಿನಿಂದ ಒಂದು ತೆಗೆದು ಕೈಯಿಂದ ಒಂದು ಹಾಕಬೇಕು. ಗೆಳತಿಗೆ ಹದಿಮೂರು ಹಾಕಿದೆ, ನನಗೆ ಹದಿಮೂರು ಹಾಕಿದೆ, ಅವನಿಗೆ ಹದಿನಾಲ್ಕು. ಸಾಚಾ ಮನುಷ್ಯ ಆದರೆ "ಒಂದು ಹೆಚ್ಚು ಬಂತು" ಎನ್ನಬೇಕು. ಕಳ್ಳ ಆದರೆ ಇಟ್ಟುಕೊಳ್ಳಬೇಕು. ಇಷ್ಟು ಸುಲಭದ ಪರೀಕ್ಷೆ ಯಾವ ಶಾಲೆಯಲ್ಲೂ ಇಲ್ಲ.

ಅವನು ಎಲೆ ಎತ್ತಿಕೊಂಡ. ಬೀಸಣಿಗೆಯ ಹಾಗೆ ಬಿಡಿಸಿದ. ಹೆಬ್ಬೆರಳು ಒಂದೊಂದರ ಮೇಲೆ ಓಡಿತು. ಕೊನೆಯದರ ಹತ್ತಿರ ನಿಂತಿತು. ಮತ್ತೆ ಮೊದಲಿನಿಂದ ಓಡಿತು. ನನ್ನ ಮುಖ ಒಮ್ಮೆ ನೋಡಿದ. ಏನೂ ಹೇಳಲಿಲ್ಲ.

ಸಿಕ್ಕಿಬಿದ್ದ! ನನಗೆ ಎದ್ದು ಕುಣಿಯಬೇಕು ಅನ್ನಿಸಿತು, ಜಾಕೆಟ್ಟು ಬಿಡಲಿಲ್ಲ.

ಅವನ ಸರದಿ ಬಂತು. ಕೈ ನಡುವಿನ ಕಟ್ಟಿನ ಕಡೆ ಹೋಯಿತು, ಎಲೆ ತೆಗೆದ ಹಾಗೆ ಮಾಡಿ ವಾಪಸ್ ಬಂತು, ಒಂದು ಎಲೆ ಕೆಳಗೆ ಹಾಕಿತು. ಗೆಳತಿಗೆ ಏನೂ ಗೊತ್ತಾಗಲಿಲ್ಲ. ಸಿನಿಮಾದ ಕಳ್ಳಿಗೂ ಅಷ್ಟು ನಯ ಇರಲಿಲ್ಲ. ಆದರೆ ನಾನು ನೋಡಿದೆ. ಕಟ್ಟಿನಿಂದ ಬಂದ ಕೈ ಖಾಲಿ. ತೆಗೆಯದೆ ಹಾಕಿದ್ದ. ಈಗ ಅವನ ಹತ್ತಿರ ಸರಿಯಾಗಿ ಹದಿಮೂರು.

ಅಂದರೆ ಏನು? ಹೆಚ್ಚಿನ ಎಲೆಯನ್ನು ಅವನು ಇಟ್ಟುಕೊಳ್ಳಲಿಲ್ಲ. ತನ್ನ ಒಂದು ಸರದಿ ಬಿಟ್ಟು ಲೆಕ್ಕ ಸರಿಮಾಡಿದ. ಮುದುಕಿಗೆ ಕಣ್ಣು ಮಂದ, ಹಂಚುವಾಗ ತಪ್ಪಿದೆ, ಹೇಳಿದರೆ ನಾಚಿಕೆ ಆದೀತು ಎಂದು ಬಾಯಿ ಮುಚ್ಚಿಕೊಂಡ. ನನಗೆ ಮೈಯೆಲ್ಲ ಉರಿಯಿತು. ಕಣ್ಣು ಮಂದವಂತೆ! ಆ ಆಟ ನಾನೇ ಗೆದ್ದೆ, ಗೆದ್ದ ಹುರಿಗಡಲೆಯನ್ನು ಮುಟ್ಟಲಿಲ್ಲ.

ಮರಳದಿಬ್ಬ ಬಂತು. ಮಕ್ಕಳು ಧುಮುಕಿದರು. ಅವನು ಪ್ಯಾಂಟು ಮಡಚಿ ನೀರಿಗೆ ಇಳಿದ. ಗೆಳತಿ ನನ್ನ ಕೈಹಿಡಿದು ಇಳಿಸಿ, ಸೆರಗಿನ ತುದಿ ಒದ್ದೆಯಾಗದ ಹಾಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೆಲ್ಲಗೆ ಕೇಳಿದಳು.

"ಹೇಗೆ ಅಕ್ಕ?"

ಆಗ ನನ್ನ ಬಾಯಿಗೆ ಒಂದು ಮಾತು ಬಂತು. ಸುಳ್ಳಲ್ಲದ ಮಾತು. ದೇವರ ಮುಂದೆ ನಿಲ್ಲಿಸಿ ಕೇಳಿದರೂ ಅದೇ ಹೇಳಬಹುದಿತ್ತು.

"ಅವ ಇಸ್ಪೀಟಿನಲ್ಲಿ ಮೋಸ ಮಾಡಿದ. ನಾನು ನೋಡಿದೆ."

"ಎಂತದು?"

"ಎಲೆ ತೆಗೆದ ಹಾಗೆ ಮಾಡಿದ, ತೆಗೆಯಲಿಲ್ಲ. ಅದು ಪಳಗಿದ ಕೈ."

ಅಷ್ಟಕ್ಕೇ ನಿಲ್ಲಿಸಿದೆ. ಅವಳ ಮುಖ ಇಳಿಯಿತು. ನಾನು ಸಮುದ್ರ ನೋಡಿದೆ. ಅವಳು ಸುಮ್ಮನಾಗಿ, ಅತ್ತು, ಮನೆಗೆ ಹೋಗಿ ಅವನಿಗೆ ಬೇಡ ಎಂದು ಫೋನು ಮಾಡುತ್ತಾಳೆ ಎಂದು ನನ್ನ ಅಂದಾಜು. ಬಟ್ಟೆಗೆ ಕತ್ತರಿ ಹಾಕಿ ಬದುಕಿದವಳು, ಹಾಗೆ ಮಾಡುವವಳಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ದಡದಡ ನೀರಿಗೆ ಇಳಿದು ಅವನ ಮುಂದೆ ನಿಂತಳು. ನಾನು ಹಿಂದೆ ಹಿಂದೆ ಹೋದೆ.

"ನೀವು ಆಟದಲ್ಲಿ ಮೋಸ ಮಾಡಿದ್ರಾ? ಅಕ್ಕ ನೋಡಿದ್ದಾರಂತೆ."

ಅವನು ನನ್ನನ್ನು ನೋಡಿದ. ಈಗ ಹೇಳುತ್ತಾನೆ ಎಂದುಕೊಂಡೆ. ನಿಮ್ಮ ಅಕ್ಕನಿಗೆ ಎಣಿಸಲು ಬರುವುದಿಲ್ಲ, ನಾನು ಸರಿಮಾಡಿದೆ ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು.

"ಹೌದ್ರಿ," ಎಂದ. "ಮಾಡೇನಿ."

"ಯಾಕೆ?"

"ಯಾಕಂದ್ರ ಏನ್ ಹೇಳ್ಲಿ. ತಪ್ಪಾತು."

"ಕಡಲೆಗೆ ಮೋಸ ಮಾಡುವವರು ನಾಳೆ..." ಎಂದು ಶುರುಮಾಡಿದಳು, ಮುಗಿಸಲಾಗಲಿಲ್ಲ. ಅವನು ಮೊಣಕಾಲು ನೀರಿನಲ್ಲಿ ತಲೆತಗ್ಗಿಸಿ ನಿಂತಿದ್ದ, ಮಾಸ್ತರರ ಮುಂದೆ ನಿಂತ ಹಾಗೆ. ಒಂದು ಮುದುಕಿಯ ಮರ್ಯಾದೆಗೆ ತನ್ನ ಮದುವೆಯನ್ನೇ ನೀರಿಗೆ ಬಿಡುತ್ತಿದ್ದಾನಲ್ಲ, ಎಂಥ ಹೆಡ್ಡ! ಇನ್ನೊಂದು ನಿಮಿಷ ನಾನು ಬಾಯಿ ಮುಚ್ಚಿದ್ದರೆ ನನ್ನ ಶುಕ್ರವಾರ ನನಗೆ ಉಳಿಯುತ್ತಿತ್ತು. ಮುಚ್ಚಲು ನೋಡಿದೆ. ಆಗಲಿಲ್ಲ.

"ಏ ಮಾರಾಯ, ಸಾಕು ನಿನ್ನ ನಾಟಕ," ಎಂದೆ. "ಇವನಿಗೆ ಹದಿನಾಲ್ಕು ಎಲೆ ಹಾಕಿದ್ದು ನಾನು. ಇವ ನನಗೆ ಕಣ್ಣು ಕಾಣುವುದಿಲ್ಲ ಅಂತ ತಿಳಿದು ತನ್ನ ಸರದಿ ಬಿಟ್ಟು ಸರಿಮಾಡಿದ. ಅಷ್ಟೇ ಅವನ ಮೋಸ."

"ಇರ್ಲಿ ಬಿಡ್ರಿ ಅಮ್ಮಾರ," ಎಂದು ಅವನು ನಡುವೆ ಬಂದ. "ಎಣಿಸೋದು ಎಲ್ಲಾರಿಗೂ ತಪ್ಪತೈತಿ. ವಯಸ್ಸಾದ ಮ್ಯಾಲೆ..."

"ವಯಸ್ಸು ನಿನ್ನ ಅಜ್ಜಿಗೆ! ತಪ್ಪಿದ್ದಲ್ಲ, ಬೇಕೆಂತಲೇ ಹಾಕಿದ್ದು. ನಿನ್ನ ಎಲೆಯ ಪೈಕಿ ಎರಡು ಜೋಕರ್ ಇತ್ತು, ಅದೂ ನಾನೇ ಹಾಕಿದ್ದು. ನೀನು ಇಟ್ಟುಕೊಳ್ತಿ ಅಂತ ಕಾದೆ."

ಅವನು ಜೋರಾಗಿ ನಗಲು ಶುರುಮಾಡಿದ. "ಜೋಕರೂ ನೀವ ಹಾಕಿದ್ರೇನ್ರಿ? ನಾನು ನನ್ನ ದೈವ ಅನ್ಕೊಂಡಿದ್ದೆ!"

ಗೆಳತಿ ನಗಲಿಲ್ಲ. ನನ್ನ ಕಡೆ ತಿರುಗಿದಳು.

"ಯಾಕೆ ಅಕ್ಕ ಹಾಗೆ ಮಾಡಿದ್ದು?"

"ನೀನು ಹೋಗಬಾರದು ಅಂತ."

"ಅದನ್ನೇ ಬಾಯಿಬಿಟ್ಟು ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?"

"ಹೇಳಿದ್ರೆ ನೀನು ನಿಲ್ತಿದ್ದಿ. ಅದು ಬೇರೆ ಪೀಕಲಾಟ. ನನ್ನ ಮುಖ ನೋಡಿ ನಿಂತವಳು ಅಂತ ಸಾಯುವವರೆಗೆ ನಾನು ಹೊರಬೇಕು. ಅವ ಕಳ್ಳ ಅಂತ ಗೊತ್ತಾದ್ರೆ ಯಾರ ಭಾರವೂ ಇಲ್ಲ."

ಅವಳಿಗೆ ಸಿಟ್ಟು ಇತ್ತು, ಸುಳ್ಳು ಹೇಳುವುದಿಲ್ಲ. "ಈಗ ಹೇಳಿ," ಎಂದಳು. "ನೋಡಿ ಹೇಳಿ ಅಂತ ನಿಮ್ಮನ್ನೇ ಕೇಳಿದ್ದು. ಹೋಗ್ಲಾ, ಬೇಡವಾ?"

"ಹೋಗು," ಎಂದೆ. "ಇವ ಪೆದ್ದ. ಮೋಸ ಮಾಡ್ಲಿಕ್ಕೆ ಬರ್ತದೆ, ಆದ್ರೆ ತನಗೆ ನಷ್ಟ ಆಗುವ ಹಾಗೆ ಮಾಡ್ತಾನೆ. ಇಂಥವನ ಜೊತೆ ನಿನ್ನಂಥವಳು ಒಬ್ಬಳು ಇರಲೇಬೇಕು, ಇಲ್ಲಾಂದ್ರೆ ಹುಬ್ಬಳ್ಳಿಯವರು ಇವನ ಅಂಗಿಯನ್ನೂ ಬಿಚ್ಚಿಕೊಳ್ತಾರೆ."

ವಾಪಸ್ ಬರುವಾಗ ಅವಳು ನನ್ನ ಹತ್ತಿರ ಕೂರಲಿಲ್ಲ. ಅವನ ಹತ್ತಿರವೂ ಕೂರಲಿಲ್ಲ. ಬೋಟಿನ ತುದಿಯಲ್ಲಿ ಒಬ್ಬಳೇ ನಿಂತಿದ್ದಳು, ಗಾಳಿಗೆ ಹೊಸ ಚೂಡಿದಾರ ಪಟಪಟ ಹೊಡೆದುಕೊಳ್ಳುತ್ತಿತ್ತು. ಮುಹರ್ರಕ್‌ನಲ್ಲಿ ಇಳಿಯುವಾಗ ಮಾತ್ರ ನಮ್ಮಿಬ್ಬರ ಮುಂದೆ ಬಂದು, "ಸೋಮವಾರ ಅಂಗಡಿ ಬೇರೆಯವರಿಗೆ ಕೊಡುವ ಕಾಗದಪತ್ರಕ್ಕೆ ಹೋಗ್ಬೇಕು, ಇಬ್ಬರೂ ಬನ್ನಿ, ಅರಬ್ಬಿ ಓದುವವರನ್ನು ಒಬ್ಬರನ್ನು ಹುಡುಕಿ ಇಡಿ," ಎಂದಳು. ಮದುವೆಗೆ ಒಪ್ಪಿದ್ದು ಹಾಗೆ.

ತಿಂಗಳ ಕೊನೆಗೆ ಹೋದರು. ಏರ್‌ಪೋರ್ಟಿಗೆ ಬನ್ನಿ ಎಂದರು, ಮೊಣಕಾಲು ನೋವು ಎಂದೆ. ಮೊಣಕಾಲಿಗೆ ಏನೂ ಆಗಿರಲಿಲ್ಲ.

ಮೊದಲ ಶುಕ್ರವಾರ ಮನೆಯಲ್ಲಿ ಕೂತು ಸೊಸೆಯ ಅಡುಗೆಯಲ್ಲಿ ತಪ್ಪು ಹುಡುಕಿದೆ. ಎರಡನೆಯ ಶುಕ್ರವಾರ ಸೊಸೆಯೇ, "ಅತ್ತೆ, ದೇವಸ್ಥಾನಕ್ಕೆ ಬಸ್ಸಿನಲ್ಲಿ ಹೋಗಿ ನೋಡಿ, ಎಂತ ಆಗ್ತದೆ?" ಎಂದಳು. ನನ್ನನ್ನು ಮನೆಯಿಂದ ಕಳಿಸಲೆಂದೇ ಹೇಳಿದ್ದು, ನನಗೆ ಗೊತ್ತಿಲ್ಲವೇ? ಹೋದೆ. ಹಲಗೆಯ ಮೇಲಿನ ಹೆಸರು ಓದಲು ಬರುವುದಿಲ್ಲ, ಬಂದ ಬಸ್ಸು ಹತ್ತಿದೆ. ದೇವಸ್ಥಾನ ಎಡಕ್ಕೆ ಉಳಿಯಿತು, ಸೇತುವೆ ಬಂತು, ಕೊನೆಯ ನಿಲ್ದಾಣದಲ್ಲಿ ಡ್ರೈವರ್ ಇಳಿಸಿದ. ಅಲ್ಲಿ ಒಬ್ಬ ಮಲಯಾಳಿಯ ಚಹಾದ ಅಂಗಡಿ. ಹಿಂದಿಯಲ್ಲಿ ಕೇಳಿದೆ, ಕೊಟ್ಟ. ಚಹಾ ಚೆನ್ನಾಗಿತ್ತು, ಸಕ್ಕರೆ ಸ್ವಲ್ಪ ಜಾಸ್ತಿ. ಹಾಗೆಂದು ಹೇಳಿದೆ. ಮುಂದಿನ ಶುಕ್ರವಾರ ಕಡಿಮೆ ಹಾಕಿದ.