ಹಾರ ಬಿದ್ದ ಕಾದಂಬರಿಕಾರ್ತಿ

ವೇದಿಕೆಯ ಮೇಲೆ ಆಡಬೇಕಾದ ಪ್ರತಿಯೊಂದು ವಾಕ್ಯವನ್ನೂ ನಾನು ಮನೆಯಿಂದಲೇ ಬರೆದುಕೊಂಡು ಹೋಗುತ್ತೇನೆ. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ ನಾನು. ತಪ್ಪಿದರೆ ತಿದ್ದುವವರು ಮನೆಯಲ್ಲಿ ಯಾರೂ ಇಲ್ಲ. ಊರಿನಲ್ಲಿ ಎಲ್ಲರೂ ಇದ್ದಾರೆ.

ಭಾಲ್ಕಿಯ ಸಾಹಿತ್ಯ ಬಳಗದವರು ಫ್ರೆಂಚ್ ಲೇಖಕಿಯೊಬ್ಬರ ಕುರಿತು ಮಾತನಾಡಲು ಕರೆದಿದ್ದರು. ಚೆನ್ನಾಗಿ ಮಾತನಾಡಿದರೆ ಮುಂದಿನ ತಿಂಗಳು ನನ್ನ ಕಥೆಗಳ ಮೇಲೆಯೇ ಗೋಷ್ಠಿ ಇಡುವುದಾಗಿ ಅಧ್ಯಕ್ಷರು ಮಾತು ಕೊಟ್ಟಿದ್ದರು. ನನ್ನಂಥ ಔರಾದಿನ ಶಾಲಾ ಮಾಸ್ತರನ ಕಥೆಗಳಿಗೆ ಗೋಷ್ಠಿಯೆಂದರೆ ಸಣ್ಣ ಮಾತಲ್ಲ. ಲೇಖಕಿಯೂ ನನಗೆ ಅಪರಿಚಿತರೆನಿಸಲಿಲ್ಲ. ಬಂದರಿನಲ್ಲಿ ಮೂಟೆ ಹೊರುವವರ ಮಗಳು. ಮನೆಯ ನುಡಿ ಬೇರೆ, ಶಾಲೆ ಕಲಿಸಿದ ಫ್ರೆಂಚ್ ಬೇರೆ. ಆಕೆಯ ಸಣ್ಣ ಕಥೆಗಳನ್ನು ಪತ್ರಿಕೆಗಳು ಬಹುಕಾಲ ಹಿಂದಿರುಗಿಸಿದವು. ಮೊದಲ ಕಾದಂಬರಿಯ ಭಾಷೆ ಶುದ್ಧವಲ್ಲವೆಂದು ಪಂಡಿತರು ಜರಿದರು. ಬಹುಮಾನ ಬಂದ ಮೇಲೆ ಅದನ್ನೇ ಸೊಗಡು ಎಂದರು. ಪಂಡಿತರು ಯಾವ ಮಣ್ಣಿನಲ್ಲಿಯೂ ಬರುವ ಬೆಳೆ. ತೊಗರಿಗೆ ಬೇಕಾಗುವಷ್ಟು ಮಳೆಯೂ ಬೇಡ.

ಸಭಾಂಗಣದಲ್ಲಿ ಆಕೆಯ ಫೋಟೋ ಇಟ್ಟು, ಗೌರವಕ್ಕೆಂದು ಯಾರೋ ಚೆಂಡುಹೂವಿನ ಹಾರ ಹಾಕಿ ಊದಿನಕಡ್ಡಿ ಹಚ್ಚಿದ್ದರು. ಪುಸ್ತಕ ತೆರೆಯುವುದಕ್ಕಿಂತ ಫೋಟೋಕ್ಕೆ ಹಾರ ಹಾಕುವುದು ನಮ್ಮವರಿಗೆ ರೂಢಿ. ತಡವಾಗಿ ಬಂದ ಅಧ್ಯಕ್ಷರು ಅದನ್ನು ಕಂಡು ನಿಟ್ಟುಸಿರಿಟ್ಟು, ಎಲ್ಲರನ್ನೂ ಎದ್ದು ನಿಲ್ಲಿಸಿ ಮೌನಾಚರಣೆ ಮಾಡಿಸಿದರು. ತುಂಬಲಾರದ ನಷ್ಟವೆಂದರು. ನಿವೃತ್ತ ಪ್ರಾಧ್ಯಾಪಕರೊಬ್ಬರು, ಕೊನೆಯ ಕಾದಂಬರಿಯಲ್ಲಿಯೇ ತಮಗೆ ಸಾವಿನ ಸೂಚನೆ ಸಿಕ್ಕಿತ್ತೆಂದು ಕಣ್ಣೊರೆಸಿಕೊಂಡರು.

ಅಧ್ಯಕ್ಷರನ್ನು ತಿದ್ದಿದರೆ ನನ್ನ ಗೋಷ್ಠಿ ಹೋದಂತೆಯೇ. ತಿದ್ದದಿದ್ದರೆ ಬದುಕಿರುವ ಹೆಂಗಸಿಗೆ ನಾನೂ ಶ್ರದ್ಧಾಂಜಲಿ ಓದಬೇಕು. ಬರೆದುಕೊಂಡ ಹಾಳೆಗಳಲ್ಲಿ ಇದಕ್ಕೆ ವಾಕ್ಯವಿರಲಿಲ್ಲವಾದ್ದರಿಂದ ಮನೆಯ ಮಾತೇ ಬಾಯಿಗೆ ಬಂದಿತು.

"ಸರ್, ಅವ್ರು ಇನ್ನಾ ಇದ್ದಾರ್ರಿ. ಹೊಸಾ ಕಾದಂಬರಿ ಬರಿಲತ್ತಾರ."

ಸಭೆ ಫೋಟೋವನ್ನೂ ನನ್ನನ್ನೂ ನೋಡಿತು. ಅಧ್ಯಕ್ಷರು ಮಾತ್ರ ವಿಚಲಿತರಾಗಲಿಲ್ಲ.

"ಇರಲಿ ಬಿಡ್ರಿ ಮಾಸ್ತರ್. ಮೌನಕ್ಕ ಎದ್ದು ನಿಂತಿದ್ದೇನು ಹಾಳಾಗಲ್ಲ, ಮುಂದ ಉಪಯೋಗಕ್ಕ ಬರ್ತದ."

ಬದುಕಿದ್ದಾರೆಂದು ತಿಳಿದೊಡನೆ ಪ್ರಾಧ್ಯಾಪಕರಿಗೆ ಆಕೆಯ ಶೈಲಿಯಲ್ಲಿ ದೋಷಗಳು ಕಾಣಿಸತೊಡಗಿದವು. ನಾನು ಮಾತನಾಡುವಾಗ ಅರ್ಧ ಸಭೆ ಚಹಾದ ಕಡೆಗೆ ಹೋಗಿತ್ತು. ಸತ್ತವರಿಗೆ ಎದ್ದು ನಿಲ್ಲುವ ನಮ್ಮ ಸಾಹಿತ್ಯಾಭಿಮಾನಿಗಳು, ಬದುಕಿರುವವರಿಗಾಗಿ ಕುಳಿತುಕೊಳ್ಳಲೂ ಒಪ್ಪುವುದಿಲ್ಲ.

ಗೋಷ್ಠಿಯ ಆಸೆ ಬಿಟ್ಟು ಔರಾದಿನ ಬಸ್ಸು ಹತ್ತಿದ್ದೆ. ಆದರೆ ನಿನ್ನೆ ಅಧ್ಯಕ್ಷರೇ ಫೋನ್ ಮಾಡಿದರು. ನನ್ನ ಕಥೆಗಳ ಗೋಷ್ಠಿ ನಿಶ್ಚಯವಾಗಿದೆಯಂತೆ.

"ನಿಮ್ದೊಂದು ಛಲೋ ಫೋಟೋ ಕಳಸ್ರಿ," ಎಂದರು.

ಈ ಸಲ ವಾಕ್ಯ ಸಿದ್ಧವಾಗಿತ್ತು. ನಾನು ಖುದ್ದಾಗಿ ಹಾಜರಿರುತ್ತೇನೆ, ಫೋಟೋದ ಅವಶ್ಯಕತೆ ಇರುವುದಿಲ್ಲ ಎಂದು ಸವಿನಯವಾಗಿ ತಿಳಿಸಿದೆ.