ಎಡಕ್ಕೆ ವಾಲಿದ ಹಾಡು

"ಎಲ್ಲಿ ನಿಂತಾಳ?" ಎಂದು ಹುಸೇನಪ್ಪ ಕೇಳುತ್ತಾರೆ.

ಗೋಣಿಚೀಲದ ಮೇಲೆ ಕಣ್ಣು ಮುಚ್ಚಿ ಕೂತ ಅವರ ಹೆಂಡತಿ ಗದ್ದೆಮ್ಮ ಕೈ ಎತ್ತಿ ಗೋಡೆಯತ್ತ ತೋರಿಸುತ್ತಾರೆ. "ಕಿಟಕಿ ಕಡೀಗಿ ಒಂದು ಗೇಣು ಸರದಾಳ."

ಹುಸೇನಪ್ಪ ಮುಚ್ಚಳ ತೆಗೆದ ಆಂಪ್ಲಿಫಯರಿನ ಹೊಟ್ಟೆಯೊಳಗೆ ಸಣ್ಣ ಸ್ಕ್ರೂ ಒಂದನ್ನು ತುಸುವೇ ತಿರುಗಿಸುತ್ತಾರೆ. "ಈಗ?"

"ಈಗ ಕ್ಯಾಲೆಂಡರ್ ಮುಂದ ಬಂದ್ಲು. ಬಿಡು, ಅಲ್ಲೇ ನಿಂದ್ರಲಿ ಪಾಪ."

ರಾಯಚೂರಿನ ತೀನ್ ಕಂದೀಲ್ ಹಿಂದಿನ ಗಲ್ಲಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆ ಹೆಂಗಸು ಯಾರೂ ಅಲ್ಲ, ಕ್ಯಾಸೆಟ್ಟಿನಲ್ಲಿ ಭಜನೆಯ ಪದ ಹಾಡುತ್ತಿರುವವಳು. ಈ ಕೆಲಸ ನಸುಕಿನಲ್ಲೇ ಆಗಬೇಕು. ಹತ್ತಿ ಜಿನ್ನಿಂಗ್ ಮಿಲ್ಲುಗಳು ಶುರುವಾದರೆ ಗಲ್ಲಿಯ ಕರೆಂಟೆಲ್ಲ ಅಲ್ಲಿಗೇ ಕೂಲಿಗೆ ಹೋಗುತ್ತದೆ.

ಸ್ಟೀರಿಯೋ ಎಂದರೆ ಎರಡು ಪೆಟ್ಟಿಗೆ, ಒಂದು ಹಾಡು. ಎರಡೂ ಸಮನಾಗಿ ನುಡಿದರೆ ಹಾಡುವವಳು ಯಾವ ಪೆಟ್ಟಿಗೆಯಲ್ಲೂ ಇರುವುದಿಲ್ಲ, ನಡುವಿನ ಖಾಲಿ ಜಾಗದಲ್ಲಿ ನಿಂತಿರುತ್ತಾಳೆ. ಅವಳನ್ನು ಅಲ್ಲಿ ನಿಲ್ಲಿಸುವುದು ಹುಸೇನಪ್ಪನವರ ಕಸುಬು. ಅವಳು ಎಲ್ಲಿ ನಿಂತಿದ್ದಾಳೆಂದು ಈಗ ಅವರಿಗೆ ತಿಳಿಯುವುದಿಲ್ಲ. ಎಡಗಿವಿ ಹೋಗಿದೆ. ಬಲಗಿವಿಯೂ ಅದೇ ದಾರಿ ಹಿಡಿದಿದೆಯೆಂದು ಡಾಕ್ಟರು ಹೇಳಿದ್ದಾರೆ. ಡಾಕ್ಟರು ಅದನ್ನು ಎರಡು ಸಲ ಹೇಳಬೇಕಾಯಿತು.

ಎಪ್ಪತ್ತರ ದಶಕದ ಮೊದಲಲ್ಲಿ ಅವರು ಮಾನ್ವಿಯ ಒಬ್ಬ ಮೈಕ್‌ಸೆಟ್ ಮಾಲೀಕನ ಬಳಿ ಆಳು. ಮದುವೆ, ಉರುಸು, ಚುನಾವಣೆ ಯಾವುದಿದ್ದರೂ ಭೋಂಗಾ ಎಂಬ ಕಹಳೆಯಾಕಾರದ ಧ್ವನಿವರ್ಧಕ ಹೊತ್ತು ಮೊದಲು ಹೋಗುವವರು, ಕೊನೆಗೆ ಬರುವವರು ಅವರೇ. ಟಾಕೀಸಿನ ಪ್ರಚಾರಕ್ಕೆ ಟಾಂಗಾ ಹೊರಟರೆ ಭೋಂಗಾ ಅಲುಗದಂತೆ ಎಡಭುಜಕ್ಕೆ ಆನಿಸಿಕೊಂಡು ಕೂತಿರುತ್ತಿದ್ದರು. "ಊರಿಗೆಲ್ಲ ಕೇಳ್ಲಿ ಅಂತ ಹಿಡಕೊಂಡು ಕುಂತೆ. ಊರಿಗೆ ಕೇಳ್ತು" ಎನ್ನುತ್ತಾರೆ.

ಆ ಮಾಲೀಕನ ಬಳಿಯೇ ಬೆಸುಗೆ ಕಲಿತು, ರಾಯಚೂರಿಗೆ ಬಂದು, ಮನೆಮನೆಗೆ ಆಂಪ್ಲಿಫಯರ್ ಕಟ್ಟಿಕೊಡಲು ನಿಂತರು. ಟೇಪ್‌ರೆಕಾರ್ಡರ್ ಕೊಂಡವರಿಗೆಲ್ಲ ಅದರ ಪಕ್ಕ ಒಂದು ದೊಡ್ಡ ಸೆಟ್ ಬೇಕೆನಿಸುವ ಕಾಲ ಬಂದಿತ್ತು. ಹುಸೇನಪ್ಪನವರ ಸೆಟ್ಟಿಗೆ ಎರಡು ವಿಶೇಷ. ಒಂದು, ಕುಣಿಯುವ ದೀಪಗಳಿಲ್ಲ. ಎರಡು, ಎಡಬಲ ಸರಿಮಾಡುವ ಗುಂಡಿಯಿಲ್ಲ. "ಗಿರಾಕಿ ಕೈಯಾಗ ಕೊಟ್ರ ಕೆಡಸ್ತಾರ" ಎಂದು ಅದನ್ನು ಒಳಗೇ ಸ್ಕ್ರೂ ಮಾಡಿಟ್ಟು, ತಾವೇ ಕೇಳಿ ಸಮ ಮಾಡಿ, ಮೇಲೆ ಅರಗು ಹಾಕಿ ಮುಚ್ಚುತ್ತಿದ್ದರು. ಮೀಟರ್ ಇಟ್ಟು ನೋಡಬಾರದೇ ಎಂದವರಿಗೆ ಅವರ ಉತ್ತರ ಊರಲ್ಲಿ ಹೆಸರಾಗಿತ್ತು: "ಮೀಟರ್ ಕರೆಂಟ್ ಹೇಳ್ತದ್ರಿ, ಹಾಡು ಹೇಳಂಗಿಲ್ಲ." ಒಳ್ಳೆಯ ಮಾತು. ಅವರನ್ನು ಕೆಡವಿದ್ದೂ ಅದೇ.

ಕಲ್ಮಲದ ಯಮನೂರಪ್ಪ, ಮೂಕಪ್ಪ ಎಂಬ ಅಣ್ಣತಮ್ಮಂದಿರು ಹೋದ ವರ್ಷ ಬೇರೆಯಾದರು. ಹೊಲ ಎರಡಾಯಿತು, ಮನೆಯ ನಡುವೆ ಗೋಡೆ ಎದ್ದಿತು. ಹುಸೇನಪ್ಪನವರ ಸೆಟ್ ಮಾತ್ರ ಒಂದೇ ಇತ್ತು. ಹಿರಿಯರು ಯೋಚಿಸಿ ನ್ಯಾಯ ಹೇಳಿದರು: ಪೆಟ್ಟಿಗೆ ಎರಡಿವೆಯಲ್ಲ, ಆಳಿಗೊಂದು. ಗೋಡೆಗೆ ತೂತು ಕೊರೆದು ವಾಯರ್ ಎಳೆದರು. ಎಡಪೆಟ್ಟಿಗೆ ಅಣ್ಣನಿಗೆ, ಬಲಪೆಟ್ಟಿಗೆ ತಮ್ಮನಿಗೆ. ಹೀಗೆ ಅಣ್ಣ ಅರ್ಧ ಹಾಡನ್ನೂ ತಮ್ಮ ಉಳಿದರ್ಧವನ್ನೂ ಕೇಳುತ್ತ ಕೆಲವು ದಿನ ಸುಖವಾಗಿದ್ದರು.

ಆಮೇಲೆ ಮೂಕಪ್ಪನಿಗೆ ತನ್ನ ಪಾಲಿಗೆ ಬಂದದ್ದು ಮೂಕ ಪೆಟ್ಟಿಗೆ ಎನ್ನಿಸತೊಡಗಿತು. ಅಣ್ಣನ ಮನೆಯಲ್ಲಿ ಗುಡುಗು, ತನ್ನ ಮನೆಯಲ್ಲಿ ಪಿಸುಮಾತು. ಅಣ್ಣ ಸೆಟ್ ಕಟ್ಟಿದ ಮಿಸ್ತ್ರಿಯನ್ನು ಒಳಗೆ ಹಾಕಿಕೊಂಡು ಮೋಸ ಮಾಡಿಸಿದ್ದಾನೆಂದ. ಅಣ್ಣ ನಕ್ಕ. ಮೂಕಪ್ಪ ಗೋಡೆಯ ತೂತಿನಿಂದ ವಾಯರ್ ಕಿತ್ತ. ಯಮನೂರಪ್ಪ ಸಲಿಕೆ ಎತ್ತಿದ. ತಮ್ಮನ ಬಲಭುಜ ಇವತ್ತಿಗೂ ಕಿವಿಯ ಮಟ್ಟಕ್ಕೆ ಏಳುವುದಿಲ್ಲ.

ಹುಸೇನಪ್ಪ ಸಿಟ್ಟಿನಿಂದ ಕಲ್ಮಲಕ್ಕೆ ಹೋಗಿ ಸೆಟ್ ಬಿಚ್ಚಿದರು, ಯಾರೋ ಸ್ಕ್ರೂ ಮುಟ್ಟಿದ್ದಾರೆಂದೇ ಅವರ ನಂಬಿಕೆ. ಅರಗು ಒಡೆದಿರಲಿಲ್ಲ. ಅದರ ಮೇಲೆ ಅವರದೇ ಹೆಬ್ಬೆರಳ ಗುರುತು. ಮನೆಗೆ ತಂದು ಹಚ್ಚಿ ಕೇಳಿದರು. ಅವರ ಕಿವಿಗೆ ಎರಡೂ ಸಮ. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಗದ್ದೆಮ್ಮನನ್ನು ಮೊದಲ ಸಲ ಕೇಳಿದರು: "ಯಾವ ಕಡೀಗಿ ಹೆಚ್ಚು ಕೇಳ್ತದಬೇ?"

"ಎಡಕ್ಕ. ಯಾವಾಗ್ಲೂ ಎಡಕ್ಕೇ ಅಲ್ಲ?"

"ಯಾವಾಗ್ಲೂ ಅಂದ್ರ?"

"ನೀ ಮಾಡಿದ್ದು ಎಲ್ಲಾ ಎಡಕ್ಕೇ ಒದರ್ತಾವು. ಹಂಗ ಮಾಡೂದೇ ಪದ್ಧತಿ ಏನೋ ಅಂದ್ಕೊಂಡಿದ್ದೆ."

ಸೋತ ಕಿವಿಗೆ ಸಮನಾಗುವಷ್ಟು ಎಡಗಡೆಯನ್ನು ಏರಿಸುತ್ತ ಬಂದಿದ್ದರು. ಕಿವಿ ಇಳಿದಂತೆ ಸ್ಕ್ರೂ ಏರಿತ್ತು. ಆ ದಿನ ಅವರು ಉಣ್ಣಲಿಲ್ಲವೆಂದು ಗದ್ದೆಮ್ಮ ಹೇಳುತ್ತಾರೆ. ಮರುದಿನ ಇಬ್ಬರೂ ಬಸ್ ಹತ್ತಿದರು. ತಾವು ಕೊಟ್ಟ ಮನೆಗಳಿಗೆಲ್ಲ ಹೋಗಿ, "ನನ್ನ ಕಿವಿ ಹೋಗ್ಯದ್ರಿ, ನಿಮ್ಮ ಸೆಟ್ ಎಡಕ್ಕ ವಾಲ್ಯದ, ನೆಟ್ಟಗ ಮಾಡಿಕೊಡ್ತೀನಿ" ಎನ್ನುವುದು. ಗದ್ದೆಮ್ಮ ಕೂತು ಕೇಳಿ ಕೈ ತೋರಿಸುವುದು.

ಜನ ನಾನಾ ಬಗೆ. ದೇವದುರ್ಗದ ಅಸ್ಮತ್ ಸಾಹೇಬರು ಸೆಟ್ ಮುಟ್ಟಗೊಡಲಿಲ್ಲ. "ಇರ್ಲಿ ಬಿಡಪ್ಪ, ಎಡಕ್ಕ ನನ್ನ ಖುರ್ಚಿ, ಬಲಕ್ಕ ಬೇಗಂ ಖುರ್ಚಿ. ಈಗ ಇದ್ದಂಗ ಚೊಲೊ ಅದ." ಮಾನ್ವಿಯ ಕನಕರಾಯರು ಬಾಗಿಲಲ್ಲೇ ನಿಲ್ಲಿಸಿ, "ಇಷ್ಟು ದಿನ ಕಿವುಡನ ಸೆಟ್ ಕೇಳಿದೆವೇನು?" ಎಂದರು. ಹೆಸರು ಅಲ್ಲಿಂದ ಹೊರಟಿತು. ಹುಸೇನಪ್ಪ ಬಸ್ಸಿನಲ್ಲಿ ರಾಯಚೂರು ಮುಟ್ಟುವ ಮೊದಲೇ "ಕಿವುಡನ ಸೆಟ್" ಮುಟ್ಟಿತ್ತು. ಕಲ್ಮಲದ ಯಮನೂರಪ್ಪನಂತೂ ಸರಿಮಾಡಿದ ಸೆಟ್ಟನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ: "ಹೆಚ್ಚು ಒದರೂದು ನನ್ನ ಪಾಲಿಗೆ ಬಂದದ್ದು. ಕಮ್ಮಿ ಮಾಡಾಕ ನೀ ಯಾರು?"

ಅಲ್ಲಿಂದೀಚೆ ಹೊಸ ಸೆಟ್ ಕೇಳಿ ಯಾರೂ ಬಂದಿಲ್ಲ. ಇವತ್ತು ಒಬ್ಬರು ಬರುವವರಿದ್ದಾರೆ. ಅದಕ್ಕೇ ನಸುಕಿನ ಈ ತಯಾರಿ.

ರಾಮಲಿಂಗಪ್ಪ ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ನೌಕರ, ಕ್ವಾರ್ಟರ್ಸ್‌ನಲ್ಲಿ ವಾಸ. ಪಕ್ಕದ ದೇವಸುಗೂರಿನಿಂದ ಮೊದಲ ಬಸ್ಸಿಗೇ ಇಳಿದಿದ್ದಾರೆ. ಹೈದರಾಬಾದಿನ ಅಂಗಡಿಯಲ್ಲಿ ನೋಡಿಬಂದ ಸೆಟ್ಟಿನ ಮುಖದ ತುಂಬ ದೀಪ, ಮೇಲೆ ಇನ್ನೂರು ವ್ಯಾಟ್ ಎಂಬ ಬರಹ. "ನಿಮ್ಮದು ಎಷ್ಟು ವ್ಯಾಟ್‌ರೀ?"

"ಮನಿ ಎಷ್ಟು ಖೋಲಿ, ಸರ?"

"ಎರಡು."

"ಎರಡು ಖೋಲಿಗೆ ಹದಿನೈದು ವ್ಯಾಟ್ ಸಾಕ್ರಿ. ಅದಕ್ಕಿಂತ ಹೆಚ್ಚಿದ್ದು ಮಗ್ಗಲ ಮನಿಯವ್ರು ಕೇಳ್ತಾರ. ಬರಹ ನೋಡಬ್ಯಾಡ್ರಿ, ಎತ್ತಿ ನೋಡ್ರಿ. ಒಳಗ ಟ್ರಾನ್ಸ್‌ಫಾರ್ಮರ್ ದಪ್ಪ ಇದ್ರ ತೂಕ ಬರ್ತದ. ಆದ್ರ ಮುಚ್ಚಳ ತಗಸ್ರಿ, ಇಟ್ಟಂಗಿ ಇಟ್ಟು ಮಾರಿದವ್ರೂ ಅದಾರ."

ರಾಮಲಿಂಗಪ್ಪ ನಗುತ್ತಾರೆ, ಎತ್ತಿ ನೋಡುತ್ತಾರೆ, ಕೂತು ಕೇಳುತ್ತಾರೆ. ಹಾಡು ಮುಗಿಯುವವರೆಗೆ ಅಲುಗುವುದಿಲ್ಲ. "ಏ, ಎದುರಿಗೇ ನಿಂತಂಗ ಅದಲ್ರೀ! ಕಟ್ಟಿಬಿಡ್ರಿ, ಒಯ್ತೀನಿ."

ಗದ್ದೆಮ್ಮ ಗಂಡನತ್ತ ನೋಡುತ್ತಾರೆ. ಸುಮ್ಮನಿರು ಎಂಬ ನೋಟ ಅದು. ಹುಸೇನಪ್ಪ ವಾಯರ್ ಸುತ್ತುತ್ತ, ಹವಾಮಾನ ಹೇಳಿದಂತೆ ಹೇಳುತ್ತಾರೆ: "ಒಂದು ಮಾತು, ಸರ. ನನಗ ಎಡಗಿವಿ ಇಲ್ಲ. ಇದನ್ನ ಸಮ ಮಾಡಿದಾಕಿ ಈಕಿ."

ರಾಮಲಿಂಗಪ್ಪ ಇಬ್ಬರನ್ನೂ ನೋಡಿ, ಇನ್ನೊಮ್ಮೆ ಹಾಡು ಹಚ್ಚಲು ಹೇಳುತ್ತಾರೆ. ಈ ಸಲ ತಲೆ ವಾರೆ ಮಾಡಿ ಕೇಳುತ್ತಾರೆ. "ಸ್ವಲ್ಪ ಎಡಕ್ಕ ವಾಲಿದಂಗ ಅನಸ್ತದಲ್ರೀ?"

"ವಾಲಿಲ್ಲ ಯಪ್ಪಾ, ನಡುವ ಅದ" ಎನ್ನುತ್ತಾರೆ ಗದ್ದೆಮ್ಮ.

"ಇಲ್ಲಮ್ಮಾ, ಎಡಕ್ಕ ಹೆಚ್ಚದ. ಹೈದರಾಬಾದಿಂದು ಒಂದ್ಸಲ ಕೇಳಿ ಬರ್ತೀನಿ." ಚಪ್ಪಲಿ ಮೆಟ್ಟುವಾಗಲೂ ಅವರ ತಲೆ ವಾರೆಯಾಗಿಯೇ ಇರುತ್ತದೆ.

ಮಿಲ್ಲು ಕೂಗುತ್ತದೆ. ಬಲ್ಬು ಕೆಂಪಗಾಗುತ್ತದೆ. ಗದ್ದೆಮ್ಮ ಗೋಣಿಚೀಲ ಝಾಡಿಸುತ್ತ ಗಂಡನ ಬಲಗಿವಿಯ ಕಡೆಗೆ ಬಂದು ಕೇಳುತ್ತಾರೆ: "ಒಯ್ಯಾಕ ನಿಂತಿದ್ದ. ಹೇಳ್ಬೇಕಿತ್ತೇನು?"

"ಅವಂಗೂ ತಮ್ಮ ಇರ್ತಾನ, ಮೂಕಪ್ಪನಂಗ."

ಹುಸೇನಪ್ಪ ಸೆಟ್ಟಿನ ಮುಂದೆ ತಾವೇ ಕೂತು, ಹಾಡು ಹಚ್ಚಿ ಕೇಳುತ್ತಾರೆ. ಅವರ ಪಾಲಿಗೆ ಹಾಡುವ ಹೆಂಗಸು ಬಲಕ್ಕೆ, ಗೋಡೆಯ ಮೂಲೆಗೆ ಹೋಗಿ ನಿಂತಿದ್ದಾಳೆ. ಅರಗು ಕಾಸಿ ಸ್ಕ್ರೂ ಮುಚ್ಚಿ, ಆರುವ ಮೊದಲು ಹೆಬ್ಬೆರಳು ಒತ್ತುತ್ತಾರೆ.

"ಹುಟ್ಟತ್ಲೇ ನೆಟ್ಟಗ ಬಂದ ಸೆಟ್ ಇದೊಂದೇ ನೋಡು" ಎನ್ನುತ್ತಾರೆ. "ನನಗ ಡೊಂಕ ಕೇಳ್ತದಲ್ಲ, ಅದೇ ಇದಕ್ಕ ಗ್ಯಾರಂಟಿ."