ಇಳಿಸುವ ಮೊದಲು

ಭತ್ತ ಕೊಯ್ಯುವ ಯಂತ್ರಗಳನ್ನು ರೈತರು ಫೋನಿನಲ್ಲೇ ಗೊತ್ತುಮಾಡಿಕೊಳ್ಳುವ ಆ್ಯಪ್ ಒಂದನ್ನು ಮೌನೇಶ್ವರಿ ಸಿಂಧನೂರಿನಲ್ಲಿ ಕೂತು ನೋಡಿಕೊಳ್ಳುತ್ತಾಳೆ. ಆ ಮಧ್ಯಾಹ್ನ ಗೊರೇಬಾಳದ ಕಡೆ ಮೋಡ ಕಟ್ಟಿತು. ರೈತರೆಲ್ಲ ಒಮ್ಮೆಲೇ ಆ್ಯಪ್ ತೆರೆದರು. ಅದು ಮಲಗಿಬಿಟ್ಟಿತು.

ಆ್ಯಪಿನ ಪ್ರೋಗ್ರಾಂ ತನಗೆ ಬೇಕಾದ ಸರಂಜಾಮಿನ ಸಮೇತ ಕಂಟೇನರ್ ಎಂಬ ಗಂಟಿನಲ್ಲಿರುತ್ತದೆ. ಅಂಥ ಮೂರು ಸದಾ ಓಡುತ್ತಿರಬೇಕೆಂದು ಅವಳು ಅವುಗಳನ್ನು ಓಡಿಸುವ ಕಂಪ್ಯೂಟರುಗಳ ಗುಂಪಿಗೆ, ಅಂದರೆ ಕ್ಲಸ್ಟರಿಗೆ, ಹೇಳಿಟ್ಟಿದ್ದಳು. ಒಂದು ಸತ್ತರೆ ಕ್ಲಸ್ಟರ್ ತಾನೇ ಇನ್ನೊಂದನ್ನು ಎಬ್ಬಿಸುತ್ತದೆ. ಯಾಕೆ ಸತ್ತಿತೆಂದು ಮಾತ್ರ ಕೇಳುವುದಿಲ್ಲ. ಈಗ ಎಬ್ಬಿಸಿದ್ದೆಲ್ಲ ಅರ್ಧ ನಿಮಿಷಕ್ಕೆ ಸಾಯುತ್ತಿತ್ತು. ಅವಳು ಮೂರನ್ನು ಆರು ಮಾಡಿದಳು. ಆರೂ ಸತ್ತವು.

ಗುರುಗುಂಟಾದಲ್ಲಿ ಬಾವಿ ಹೂಳೆತ್ತುವ ಕೂಲಿ ಮಾಡಿ ಅವಳನ್ನು ಓದಿಸಿದ ತಾಯಿ ಅಮರಮ್ಮ ಬುತ್ತಿ ತಂದಿದ್ದಳು. ಪರದೆಯ ಕೆಂಪು ಗೆರೆಗಳನ್ನು ನೋಡಿ ಏನಾಯಿತೆಂದು ಕೇಳಿದಳು.

"ಒಂದು ಸತ್ರ ಇನ್ನೊಂದು ಕಳಸಾಕತ್ತೀನಿ ಬೇ, ಅದೂ ಸಾಯಾಕತ್ತೈತಿ!" ಮಗಳು ಸಿಡುಕಿದಳು.

"ಹುಚ್ಚಿ, ಬಿದ್ದಾಂವನ ಹಿಂದ ಇನ್ನೊಬ್ಬನ್ನ ಇಳಸ್ತಾರೇನು? ಮೊದ್ಲ ಒಳಗ ಗಾಳಿ ಐತೇನು ನೋಡು."

ಮೌನೇಶ್ವರಿಯ ಕೈ ನಿಂತಿತು. ಪ್ರತಿ ಕಂಟೇನರಿಗೆ ಇಷ್ಟೇ ಮೆಮೊರಿ ಎಂದು ಮಿತಿ ಹಾಕಿದವಳು ಅವಳೇ. ಜನ ಹೆಚ್ಚಾದಾಗ ಅದು ಸಾಲದೆ ಕಂಟೇನರುಗಳು ಒಂದೊಂದಾಗಿ ಸಾಯುತ್ತಿದ್ದವು. ಮಿತಿ ಏರಿಸಿದಳು. ಅರ್ಧ ನಿಮಿಷ ಕಳೆಯಿತು, ಒಂದು ನಿಮಿಷವೂ ಕಳೆಯಿತು. ಆರೂ ಹಸಿರಾಗಿಯೇ ಉಳಿದವು.

"ನಿನಗ ಹೆಂಗ ಹೊಳೀತು ಯವ್ವಾ?"

ಅಪ್ಪ, ಮಾಮ ಇಬ್ಬರೂ ಒಂದೇ ದಿನ ಬಾವಿಯಲ್ಲಿ ತೀರಿಹೋದರೆಂದಷ್ಟೇ ಅವಳಿಗೆ ಗೊತ್ತಿತ್ತು. ಅಮರಮ್ಮ ರೊಟ್ಟಿಯ ಗಂಟು ಬಿಚ್ಚುತ್ತ ಹೇಳಿದಳು:

"ನಿಮ್ಮ ಮಾಮ ಒಳಗಿಂದ ಓ ಅನ್ಲಿಲ್ಲ. ಅವನ ಹಿಂದ ನಿಮ್ಮಪ್ಪನ್ನ ಇಳಿಸಿದ ಹಗ್ಗ ನನ್ನ ಕೈಯಾಗಿತ್ತು."